ಯಾರು ಕೂರಿಸಿದ ಪಂಚಾಯ್ತಿದಾರ?

ಚಾಮರಾಜನಗರ ಜಿಲ್ಲೆಯ ಹರವೆಯ ಪಡುವಲಿಗೊಂದು ರಾಷ್ಟ್ರೀಯ ಹೆದ್ದಾರಿ, ಮೂಡಲಿಗೊಂದು. ಪಡುವಲಿನದು ಮೈಸೂರು, ನಂಜನಗೂಡು, ಬೇಗೂರು, ಗುಂಡ್ಲುಪೇಟೆ ಹಾದು ಬಂಡೀಪುರದ ಕಾಡು ಹೊಕ್ಕು ಕೋಯಿಕ್ಕೋಡಿಗೆ ಇಳಿಯುವ 766. ಮೂಡಲಿನದು ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರದ ಮೇಲೆ ತಮಿಳುನಾಡಿನ ಸತ್ಯಮಂಗಲದ ಕಡೆ ಸಾಗುವ 948. ಹಳೆಯ ಕಾಗದಗಳಲ್ಲಿ ಇವೇ 212 ಮತ್ತು 209. ನಂಬರು ಬದಲಾಗಿ ಹದಿನೈದು ವರ್ಷ ಕಳೆದರೂ ಜಮೀನು ಕಳೆದುಕೊಂಡವರ ಬಾಯಲ್ಲಿ ಇನ್ನೂ ಹಳೆಯ ನಂಬರೇ. ಯಾವ ನಂಬರಿನ ಕೆಳಗೆ ಹೊಲ ಹೋಯಿತೋ ಅದೇ ನೆನಪಿನಲ್ಲಿ ಉಳಿಯುತ್ತದೆ.

ಹರವೆ ಹೋಬಳಿಯಲ್ಲಿ ಮನೆಯಿರುವ ರೈತರೊಬ್ಬರಿಗೆ ತಾಯಿ ಕಡೆಯಿಂದ ಬಂದ ಹದಿನೆಂಟು ಗುಂಟೆ ಖುಷ್ಕಿ ಬೇಗೂರು ಸೀಮೆಯಲ್ಲಿ ಹೆದ್ದಾರಿ ಅಂಚಿಗೇ ಇದೆ ಎಂದುಕೊಳ್ಳೋಣ. ಮಳೆ ಹಿಡಿದರೆ ಅರಿಸಿನ, ಇಲ್ಲದಿದ್ದರೆ ಚೆಂಡು ಹೂವು, ನೀರು ಸಿಕ್ಕ ವರ್ಷ ಚಿಕ್ಕ ಈರುಳ್ಳಿ. ಒಂದು ದಿನ ಕನ್ನಡ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ಪಟ್ಟಿ ಬರುತ್ತದೆ. ಊರು, ಸರ್ವೆ ನಂಬರು, ವಿಸ್ತೀರ್ಣ. ವಿಸ್ತೀರ್ಣ ಗುಂಟೆಯಲ್ಲಿಲ್ಲ, ಚದರ ಮೀಟರಿನಲ್ಲಿದೆ. ಗುಂಟೆಗೆ 101 ಚದರ ಮೀಟರು ಮತ್ತು ಚೂರು ಎಂಬ ಲೆಕ್ಕ ಆ ಮನೆಯಲ್ಲಿ ಕಾಲೇಜು ಓದುವ ಹುಡುಗಿ ಫೋನಿನಲ್ಲಿ ಒತ್ತಿ ಹೇಳಬೇಕು. ಆಕ್ಷೇಪಣೆಗೆ ಇಪ್ಪತ್ತೊಂದು ದಿನ. ಅದಾದ ಮೇಲೆ ಹೆದ್ದಾರಿ ಕಾಯ್ದೆಯ ‘ಮೂರು-ಡಿ’ ಅಧಿಸೂಚನೆ ಹೊರಟರೆ ಜಮೀನು ಅಂದೇ ಕೇಂದ್ರ ಸರ್ಕಾರದ್ದು. ಬೆಲೆಯ ಮಾತು ಆಮೇಲೆ.

ಆ ಬೆಲೆಯ ಮಾತಿನಲ್ಲಿ ಈ ರೈತನಿಗೆ ಮಧ್ಯಸ್ಥಿಕೆ ಕಾನೂನು ಎದುರಾಗುತ್ತದೆ. ಸಿಂಗಪುರ, ಲಂಡನ್, ಕಂಪನಿಗಳು, ಕೋಟಿಗಟ್ಟಲೆ ಫೀಸು ಎಂದು ನಾವು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೇ ಕಾನೂನು.

ಪದದ ತಕರಾರು ಮೊದಲು ಮುಗಿಸೋಣ. ಕನ್ನಡದಲ್ಲಿ ‘ಮಧ್ಯಸ್ಥಿಕೆ’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತಿದೆ. ಕೋರ್ಟಿನ ಆವರಣದಲ್ಲಿ ‘ಮಧ್ಯಸ್ಥಿಕೆ ಕೇಂದ್ರ’ ಎಂದು ಬೋರ್ಡು ಇದ್ದರೆ ಅಲ್ಲಿ ನಡೆಯುವುದು ಮೀಡಿಯೇಷನ್. ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಒಪ್ಪದಿದ್ದರೆ ಎದ್ದು ಹೋಗಬಹುದು. 1996ರ ‘ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಅಧಿನಿಯಮ’ದ ಮಧ್ಯಸ್ಥಿಕೆಯೇ ಬೇರೆ. ಅದು ಆರ್ಬಿಟ್ರೇಷನ್. ಅಲ್ಲಿ ಕೂತವನು ತೀರ್ಪು ಕೊಡುತ್ತಾನೆ, ಆ ತೀರ್ಪು ಡಿಕ್ರಿಯಂತೆ ಜಾರಿಯಾಗುತ್ತದೆ. ‘ಮಧ್ಯಸ್ಥಿಕೆಗೆ ಹಾಕಿದಾರೆ, ಮಾತುಕತೆ ನಡೀತದೆ ಬಿಡಿ’ ಎಂದು ನೋಟಿಸನ್ನು ಗೋಡೆಗೂಡಿಗೆ ಸೇರಿಸಿದವರಿಗೆ ಈ ಎರಡರ ಅಂತರ ತಿಳಿಯುವುದು ಬ್ಯಾಂಕ್ ಖಾತೆ ಜಪ್ತಿಯಾದ ದಿನ. ಹಳಬರ ‘ಪಂಚಾಯ್ತಿದಾರ’ ಎಂಬ ಮಾತೇ ಆರ್ಬಿಟ್ರೇಟರಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅನಿಸಿಕೆ.

ಏಕೆಂದರೆ ಈ ಸೀಮೆಗೆ ಪಂಚಾಯ್ತಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ಕುಲ, ಶ್ರೇಣಿ, ಪೂಗ ಎಂಬ ಮೂರು ಮೆಟ್ಟಿಲಿನ ಜನರ ನ್ಯಾಯಸಭೆಗಳ ವಿಚಾರ ಬರುತ್ತದೆ. ಕುಲದ ತೀರ್ಮಾನ ಒಪ್ಪಿಗೆಯಾಗದವನು ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ ಹೋಗಬಹುದಿತ್ತು. ಊರ ಯಜಮಾನರು ಅರಳಿಕಟ್ಟೆಯ ಮೇಲೆ ಕೂತು ಬದುವಿನ ಜಗಳ, ಭಾಗದ ಜಗಳ ಬಿಡಿಸಿದ್ದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಯಜಮಾನನ ಜೊತೆ ಪಟ್ಟಗಾರ, ಚಲುವಾದಿಗಳು ಸೇರಿ ನ್ಯಾಯ ಮಾಡುವುದು, ಎಲ್ಲವೂ ಇದೇ ಜಾಡಿನವು. ಅದನ್ನು ಚಂದ ಮಾಡಿ ಹೇಳುವ ಆಸೆ ನನಗಿಲ್ಲ. ಹೆಣ್ಣುಮಕ್ಕಳ ಮಾತಿಗೆ, ಕೆಳಗಿನ ಬೀದಿಯವರ ಮಾತಿಗೆ ಆ ಕಟ್ಟೆಯ ಮೇಲೆ ಎಷ್ಟು ಜಾಗವಿತ್ತು ಎಂಬುದು ಎಲ್ಲರಿಗೂ ಗೊತ್ತು. ಆದರೂ ಆಸ್ತಿ ವ್ಯಾಜ್ಯದಲ್ಲಿ ಪಂಚರನ್ನು ಕೂರಿಸುವಾಗ ‘ನಿನ್ನ ಕಡೆಯಿಂದ ಯಾರಪ್ಪಾ?’ ಎಂದು ಕೇಳುವ ರೂಢಿ ಒಂದಿತ್ತು. ಕೂರಿಸಿದ್ದು ನಾವೇ ಎನ್ನುವುದರಿಂದಲೇ ತೀರ್ಪಿಗೆ ತೂಕ.

1996ರ ಕಾಯ್ದೆಯ ಅಡಿಪಾಯವೂ ಅದೇ: ಬರಹದಲ್ಲಿರುವ ಒಪ್ಪಂದ. ಕೋರ್ಟಿನ ಬಾಗಿಲು ತಾವಾಗಿ ಮುಚ್ಚಿಕೊಂಡು ಬಂದವರಿಗಾಗಿ ಅದು. ಆದ್ದರಿಂದಲೇ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. 34ನೇ ಕಲಮಿನಡಿ ಬೆರಳೆಣಿಕೆಯ ಕಾರಣಗಳಿಗೆ ತೀರ್ಪನ್ನು ರದ್ದು ಮಾಡಿ ಎಂದು ಕೇಳಬಹುದು, ಅಷ್ಟೆ. 2015ರ ತಿದ್ದುಪಡಿ ಹನ್ನೆರಡು ತಿಂಗಳ ಗಡುವು ತಂದಿತು. ಆರ್ಬಿಟ್ರೇಟರು ಒಂದು ಪಕ್ಷದ ಮನುಷ್ಯನಾಗಿರಬಾರದು ಎಂದು ಐದನೇ, ಏಳನೇ ಅನುಸೂಚಿಗಳನ್ನು ಸೇರಿಸಿತು. 2019ರದು ಸಂಸ್ಥೆಗಳ ಮೂಲಕ ನಡೆಯುವ ಮಧ್ಯಸ್ಥಿಕೆಗೆ ಒತ್ತು ಕೊಟ್ಟಿತು, ಭಾರತೀಯ ಮಧ್ಯಸ್ಥಿಕೆ ಮಂಡಳಿಯ ಮಾತಾಡಿತು. 2021ರಲ್ಲಿ ಮತ್ತೊಂದು ತಿದ್ದುಪಡಿ. ಒಟ್ಟಿನಲ್ಲಿ ಈ ಸುಧಾರಣೆಗಳ ಉದ್ದೇಶ ಇಷ್ಟು: ಬೇಗ ಮುಗಿಯಲಿ, ಕೋರ್ಟು ಕೈ ಹಾಕುವುದು ಕಡಿಮೆಯಾಗಲಿ, ಕೂತವನು ತಟಸ್ಥನಾಗಿರಲಿ.

ಹೆದ್ದಾರಿ ಬದಿಯ ಹದಿನೆಂಟು ಗುಂಟೆಗೆ ಈ ಮೂರರಲ್ಲಿ ಯಾವುದು ಬಂದು ಮುಟ್ಟಿತು?

1997ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆಗೆ 3-ಎ ಇಂದ 3-ಜೆ ವರೆಗಿನ ಕಲಮುಗಳು ಸೇರಿದವು. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಆ ಕಲಮುಗಳ ಪ್ರಕಾರ ಮೊದಲು ವಿಶೇಷ ಭೂಸ್ವಾಧೀನಾಧಿಕಾರಿ ಪರಿಹಾರ ನಿಗದಿ ಮಾಡುತ್ತಾರೆ. ಸಾಲದು ಎನಿಸಿದರೆ 3-ಜಿ(5)ರಡಿ ಕೇಂದ್ರ ಸರ್ಕಾರ ನೇಮಿಸಿದ ಆರ್ಬಿಟ್ರೇಟರ ಮುಂದೆ ಹೋಗಬೇಕು. ನಮ್ಮ ಜಿಲ್ಲೆಗಳಲ್ಲಿ ಆ ಹೊಣೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯದು. ರೈತ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಪಂಚಾಯ್ತಿದಾರನನ್ನು ಅವನು ಆರಿಸಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಬೇರೆಯವರನ್ನು ನೇಮಿಸಿ ಎಂದು 1996ರ ಕಾಯ್ದೆಯ 11ನೇ ಕಲಮು ಹಿಡಿದು ಹೈಕೋರ್ಟಿಗೆ ಹೋಗುವ ದಾರಿಯನ್ನೂ ಸುಪ್ರೀಂ ಕೋರ್ಟ್ 2019ರಲ್ಲಿ ಸೈದಾಬಾದ್ ಟೀ ಕಂಪನಿ ಪ್ರಕರಣದಲ್ಲಿ ಮುಚ್ಚಿತು. ನೇಮಕ ಕೇಂದ್ರ ಸರ್ಕಾರದ್ದೇ. ಹೀಗೆ ರಸ್ತೆಗೆ ಜಮೀನು ಬೇಗ ಬಿಡಿಸಿಕೊಡಿ ಎಂದು ಬೆಳಗಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಹೇಳುವವರೇ ಮಧ್ಯಾಹ್ನ ಅದೇ ಜಮೀನಿನ ಬೆಲೆಯ ಪಂಚಾಯ್ತಿಗೆ ಕೂರುತ್ತಾರೆ. ಯಾವ ಅಧಿಕಾರಿಯ ಪ್ರಾಮಾಣಿಕತೆಯನ್ನೂ ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ಕಾನೂನು ಅವರನ್ನು ಕೂರಿಸಿರುವ ಜಾಗ ಅಂಥದ್ದು.

ಪಕ್ಕದ ಹೊಲದವನ ಕಥೆ ಕೇಳಿದರೆ ಇದರ ವಿಚಿತ್ರ ಇನ್ನೂ ಚೆನ್ನಾಗಿ ಕಾಣುತ್ತದೆ. ಚಾಮರಾಜನಗರದ ಹತ್ತಿರವೇ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ. ಅಂಥ ಕಡೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಜಮೀನು ತೆಗೆದುಕೊಂಡರೆ, ದರ ಒಪ್ಪದ ರೈತ ತನ್ನ ತಕರಾರನ್ನು ಸಿವಿಲ್ ಕೋರ್ಟಿಗೆ ಕಳಿಸಿ ಎಂದು ಕೇಳಬಹುದು. ಅಲ್ಲಿ ನ್ಯಾಯಾಧೀಶರು ಸಾಕ್ಷಿ ಕೇಳಿ, ಕ್ರಯಪತ್ರ ನೋಡಿ, ದರವನ್ನೇ ಏರಿಸಬಹುದು. ಸಾಲದಿದ್ದರೆ ಹೈಕೋರ್ಟಿಗೆ ಮೇಲ್ಮನವಿ ಇದೆ. ಹೆದ್ದಾರಿಗೆ ಕೊಟ್ಟವನಿಗೆ ಈ ಸೌಕರ್ಯ ಇಲ್ಲ. ಜಿಲ್ಲಾಧಿಕಾರಿಯ ತೀರ್ಪಾದ ಮೇಲೆ ಅವನಿಗೆ ಉಳಿಯುವುದು 34ನೇ ಕಲಮು ಮಾತ್ರ, ಅದೂ ರದ್ದು ಮಾಡಿ ಎಂದು ಕೇಳುವ ಹಕ್ಕು. ಒಂದೇ ಕಪ್ಪು ಮಣ್ಣು, ಒಂದೇ ಬೋರ್‌ವೆಲ್ ಆಳ. ಕಾರ್ಖಾನೆಗೆ ಹೋದರೆ ಒಂದು ನ್ಯಾಯ, ರಸ್ತೆಗೆ ಹೋದರೆ ಇನ್ನೊಂದು.

ಇದು ಸುಪ್ರೀಂ ಕೋರ್ಟಿನ ಕಣ್ಣಿಗೂ ಬಿದ್ದಿದೆ. 2021ರ ಜುಲೈ 20ರಂದು ನ್ಯಾಯಮೂರ್ತಿಗಳಾದ ನಾರಿಮನ್ ಮತ್ತು ಗವಾಯಿ ಅವರ ಪೀಠ ಎಂ. ಹಕೀಂ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ತಮಿಳುನಾಡಿನ ಹೆದ್ದಾರಿ ಬದಿಯ ಜಮೀನುಗಳವು. ಅಧಿಕಾರಿ ಚದರ ಮೀಟರಿಗೆ 46.55 ರೂಪಾಯಿಯಿಂದ 83.15 ರೂಪಾಯಿ ವರೆಗೆ ಕಟ್ಟಿದ್ದರು, ಆರ್ಬಿಟ್ರೇಟರ ಮುಂದೆಯೂ ಗಿಟ್ಟಲಿಲ್ಲ, ಜಿಲ್ಲಾ ನ್ಯಾಯಾಲಯ 645 ರೂಪಾಯಿಗೆ ಏರಿಸಿತು. ನಮ್ಮ ಲೆಕ್ಕಕ್ಕೆ ತಂದುಕೊಂಡರೆ ಎಕರೆಗೆ ಒಂದು ಲಕ್ಷ 88 ಸಾವಿರದಿಂದ ಮೂರು ಲಕ್ಷ 36 ಸಾವಿರದವರೆಗೆ ಇದ್ದದ್ದು 26 ಲಕ್ಷ ದಾಟಿತು. ಜಿಲ್ಲಾ ನ್ಯಾಯಾಲಯಕ್ಕೆ ಹೀಗೆ ಏರಿಸುವ ಅಧಿಕಾರವಿದೆಯೇ? ಇಲ್ಲ ಎಂದಿತು ಸುಪ್ರೀಂ ಕೋರ್ಟ್. ತೀರ್ಪನ್ನು ರದ್ದು ಮಾಡಬಹುದು ಅಥವಾ ಉಳಿಸಬಹುದು, ತಿದ್ದುವಂತಿಲ್ಲ. ಆದರೂ ಆ ರೈತರ ಕೈಯಿಂದ ಹಣ ಕಿತ್ತುಕೊಳ್ಳಲಿಲ್ಲ. ಅವರಿಗಾದ ಅನ್ಯಾಯ ಕಣ್ಣಿಗೆ ಕಾಣುವಾಗ ತನ್ನ ವಿಶೇಷ ಅಧಿಕಾರ ಬಳಸಿ ಏರಿಸಿದ ದರಕ್ಕೆ ಕೈ ಹಾಕುವುದಿಲ್ಲ ಎಂದು ಹಿಂದೆ ಸರಿಯಿತು. ಆ ರೈತರು ಬದುಕಿದರು. ಮುಂದಿನವರಿಗೆ ಬಾಗಿಲು ಹಾಕಿತು.

ಹಾಕಿದ ಬಾಗಿಲಿನ ಒಂದು ಪಡಿಯನ್ನು ಆಮೇಲೆ ತೆರೆದದ್ದು ಹೊಲಕ್ಕೂ ರಸ್ತೆಗೂ ಸಂಬಂಧವೇ ಇಲ್ಲದ ಮೊಕದ್ದಮೆ. ಚೆನ್ನೈನ ಸಾಫ್ಟ್‌ವೇರ್ ಕಂಪನಿಯೊಂದರ ಮಹಿಳಾ ಅಧಿಕಾರಿ ಮೇಲಧಿಕಾರಿಯ ವಿರುದ್ಧ ಲೈಂಗಿಕ ಕಿರುಕುಳದ ದೂರು ಕೊಟ್ಟು, ಕಂಪನಿಯ ಜೊತೆ ಆರ್ಬಿಟ್ರೇಷನ್‌ನಲ್ಲಿ ಗೆದ್ದಿದ್ದರು. ಎರಡು ಕೋಟಿ ಸಿಕ್ಕಿತು. ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಅದಕ್ಕೆ 1.6 ಕೋಟಿ ಸೇರಿಸಿತು, ವಿಭಾಗೀಯ ಪೀಠ ಆ ಸೇರಿಸಿದ್ದನ್ನು 50 ಸಾವಿರಕ್ಕೆ ಇಳಿಸಿತು. ತಿದ್ದುವ ಅಧಿಕಾರದ ಪ್ರಶ್ನೆ ಕೊನೆಗೆ ಐವರ ಸಂವಿಧಾನ ಪೀಠಕ್ಕೆ ಬಂತು. 2025ರ ಏಪ್ರಿಲ್ 30ರಂದು, ಗಾಯತ್ರಿ ಬಾಲಸ್ವಾಮಿ ಪ್ರಕರಣದಲ್ಲಿ, ಅಂದಿನ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರ ಪೀಠ ನಾಲ್ಕು–ಒಂದರ ಬಹುಮತದಿಂದ ಹೇಳಿತು: ಸೀಮಿತವಾಗಿ ತಿದ್ದಬಹುದು. ಕೆಟ್ಟ ಭಾಗವನ್ನು ಒಳ್ಳೆಯ ಭಾಗದಿಂದ ಬೇರೆ ಮಾಡಲು ಬಂದರೆ ಕೆಟ್ಟದ್ದನ್ನು ಮಾತ್ರ ತೆಗೆಯಬಹುದು. ಕಾಗದದ ಮೇಲೆಯೇ ಎದ್ದು ಕಾಣುವ ಬರಹದ, ಲೆಕ್ಕದ ತಪ್ಪು ಸರಿಮಾಡಬಹುದು. ತೀರ್ಪಾದ ಮೇಲಿನ ಬಡ್ಡಿಯನ್ನು ಕೆಲವು ಸಂದರ್ಭಗಳಲ್ಲಿ ಬದಲಿಸಬಹುದು. ಭಿನ್ನಮತ ಬರೆದವರು ನ್ಯಾಯಮೂರ್ತಿ ಕೆ.ವಿ. ವಿಶ್ವನಾಥನ್. ಕಾಯ್ದೆಯಲ್ಲಿ ಇಲ್ಲದ ಅಧಿಕಾರವನ್ನು ಕೋರ್ಟು ತಾನೇ ಕೊಟ್ಟುಕೊಳ್ಳಬಾರದು ಎಂಬುದು ಅವರ ನಿಲುವು.

ಕಂಪನಿಗಳ ವಕೀಲರು ಈ ತೀರ್ಪಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಚಾಮರಾಜನಗರದ ಜಿಲ್ಲಾ ನ್ಯಾಯಾಲಯದ ವಕೀಲರಿಗೆ ಇದರಿಂದ ಸಿಗುವುದೇನು? ಚದರ ಮೀಟರಿನ ಗುಣಾಕಾರ ತಪ್ಪಿದ್ದರೆ, ಒಂದು ಸರ್ವೆ ನಂಬರಿನ ತೆಂಗಿನ ಮರಗಳು ಕೂಡಿಕೆಯಲ್ಲಿ ಬಿಟ್ಟುಹೋಗಿದ್ದರೆ, ಬಡ್ಡಿಯಲ್ಲಿ ಎಡವಟ್ಟಾಗಿದ್ದರೆ, ಇಡೀ ತೀರ್ಪನ್ನು ಹರಿದು ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಅದು ಸಣ್ಣ ಲಾಭವಲ್ಲ. ಆದರೆ ‘ನಮ್ಮ ಜಮೀನಿಗೆ ದರವೇ ಕಮ್ಮಿ ಕಟ್ಟಿದಾರೆ ಸ್ವಾಮಿ’ ಎಂಬ ಮೂಲ ದೂರು ಮಾತ್ರ ಹೊರಗೇ ನಿಲ್ಲುತ್ತದೆ. ದರ ಸಾಕೋ ಸಾಲದೋ ಎಂಬುದು ಸಾಕ್ಷ್ಯದ ಮರುವಿಚಾರಣೆ. ಅದಕ್ಕೆ ಇಂದಿಗೂ ಎಡೆಯಿಲ್ಲ. ನ್ಯಾಯಾಧೀಶರು ತೀರ್ಪು ರದ್ದು ಮಾಡಿದರೆ ಫೈಲು ಮತ್ತೆ ಹೊರಡುವುದು ಜಿಲ್ಲಾಧಿಕಾರಿ ಕಚೇರಿಗೇ. ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆ ಕೋರ್ಟಿನ ಮೇಲೆ ಹುಟ್ಟಿದ್ದು; ಇಲ್ಲಿ ಗೆದ್ದವನು ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾನೆ.

ದರದ ವಿಷಯ ಬಂದಾಗ ನಮ್ಮದೇ ಒಂದು ತಪ್ಪನ್ನೂ ಹೇಳಬೇಕು. 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳ ಮೇಲೆ ನಿಲ್ಲುತ್ತದೆ. ನೋಂದಣಿ ಖರ್ಚು ಉಳಿಸಲು ಅಸಲಿ ಬೆಲೆಯ ಕಾಲುಭಾಗ ಬರೆಸಿದ ಪತ್ರಗಳೇ ಸುತ್ತಲೂ ಇದ್ದರೆ, ಹೆದ್ದಾರಿ ಬಂದಾಗ ಇಡೀ ಊರಿನ ಬೆಲೆ ಆ ಪತ್ರಗಳದ್ದೇ ಆಗುತ್ತದೆ. ಅಣ್ಣ ಉಳಿಸಿದ ಸ್ಟಾಂಪಿನ ದುಡ್ಡನ್ನು ತಮ್ಮ ಪರಿಹಾರದಲ್ಲಿ ಕಟ್ಟುತ್ತಾನೆ.

ಹಳೆಯ 212, 209ರ ಕಾಲದಲ್ಲಿ ಜಮೀನು ಕೊಟ್ಟವರಿಗೆ ಇನ್ನೊಂದು ಬೆಳವಣಿಗೆ ಮುಖ್ಯ. 1997ರ ತಿದ್ದುಪಡಿಯ 3-ಜೆ ಕಲಮು ಒಂದೇ ಗೆರೆಯಲ್ಲಿ ಹಳೆಯ ಭೂಸ್ವಾಧೀನ ಕಾಯ್ದೆ ಹೆದ್ದಾರಿಗೆ ಅನ್ವಯಿಸದು ಎಂದಿತ್ತು. ಅದರಿಂದ ಬಲವಂತದ ಸ್ವಾಧೀನಕ್ಕೆ ಕೊಡುವ ಶೇಕಡಾ 30ರ ಸೊಲೇಷಿಯಂ ಮತ್ತು ಅದರ ಬಡ್ಡಿ ಹೋಯಿತು. ಇದು ಸರಿಯಲ್ಲ ಎಂದು ಕರ್ನಾಟಕ ಹೈಕೋರ್ಟ್ 2002ರಲ್ಲೇ ಲಲಿತಾ ಪ್ರಕರಣದಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಅದೇ ಮಾತಿಗೆ ಬಂದದ್ದು 2019ರ ಸೆಪ್ಟೆಂಬರಿನಲ್ಲಿ, ತಾರ್ಸೇಮ್ ಸಿಂಗ್ ಪ್ರಕರಣದಲ್ಲಿ. ಹಾಗಾದರೆ ಈ ತೀರ್ಪು ಮುಂದಿನವರಿಗೆ ಮಾತ್ರ ಅನ್ವಯಿಸಲಿ ಎಂದು ಹೆದ್ದಾರಿ ಪ್ರಾಧಿಕಾರ ಮತ್ತೆ ಹೋಯಿತು, ನೂರು ಕೋಟಿ ಹೊರೆಯಾಗುತ್ತದೆ ಎಂದಿತು. 2025ರ ಫೆಬ್ರವರಿ 4ರಂದು ಕೋರ್ಟ್ ಅದನ್ನು ಒಪ್ಪಲಿಲ್ಲ. 2015ಕ್ಕೆ ಮುಂಚೆ ಹೊಲ ಕಳೆದುಕೊಂಡವರ ಹಳೆಯ ಟ್ರಂಕುಗಳು ಮತ್ತೆ ತೆರೆದದ್ದು ಇದರಿಂದ. 2015ರಿಂದ ಈಚೆಗೆ 2013ರ ಕಾಯ್ದೆಯ ಪರಿಹಾರದ ಲೆಕ್ಕವೇ ಹೆದ್ದಾರಿಗೂ ಬಂದಿದೆ. ಹಳ್ಳಿಯಲ್ಲಿ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡರವರೆಗಿನ ಅಂಶದಿಂದ ಗುಣಿಸಿ, ಅದರ ಮೇಲೆ ಶೇಕಡಾ 100 ಸೊಲೇಷಿಯಂ. ಲೆಕ್ಕ ಉದಾರವಾಯಿತು. ಲೆಕ್ಕ ಮಾಡುವವರನ್ನು ಪ್ರಶ್ನಿಸುವ ದಾರಿ ಇದ್ದಂತೆಯೇ ಇದೆ.

ಗಡುವಿನ ಸಂಗತಿ ನೋಡಿ. 2015ರ 29-ಎ ಕಲಮು ತೀರ್ಪಿಗೆ ಹನ್ನೆರಡು ತಿಂಗಳು ಕೊಟ್ಟಿತು, ಇಬ್ಬರೂ ಒಪ್ಪಿದರೆ ಇನ್ನಾರು. ಅದು ಕಳೆದರೆ ಕೋರ್ಟು ವಿಸ್ತರಿಸಬೇಕು, ಇಲ್ಲದಿದ್ದರೆ ಆರ್ಬಿಟ್ರೇಟರ ಅಧಿಕಾರವೇ ಮುಗಿಯುತ್ತದೆ. ನಿವೃತ್ತ ನ್ಯಾಯಮೂರ್ತಿಗೆ ಈ ಗಡುವು ಸಾಕು. ಜಿಲ್ಲಾಧಿಕಾರಿಗೆ? ಚುನಾವಣೆ ಅವರದೇ, ಬರ ಅವರದೇ, ಮಂತ್ರಿಗಳ ಭೇಟಿ, ಕಂದಾಯ ಮೇಲ್ಮನವಿ, ಕಾಡಾನೆ ಹಾವಳಿಯ ಸಭೆ, ಮಲೆ ಮಹದೇಶ್ವರ ಬೆಟ್ಟದ ಜಾತ್ರೆಯ ಸಿದ್ಧತೆ ಎಲ್ಲವೂ ಅವರ ಮೇಜಿನ ಮೇಲೆಯೇ. ವಿಚಾರಣೆ ಮುಂದಕ್ಕೆ, ಮತ್ತೆ ಮುಂದಕ್ಕೆ. ಅಷ್ಟರಲ್ಲಿ ವರ್ಗಾವಣೆ. ಹೊಸಬರು ಬಂದು ಫೈಲು ತೆರೆಯುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಈ ಗಡುವು ಹೆದ್ದಾರಿ ಪ್ರಕರಣಗಳಿಗೂ ತಾಗುತ್ತದೆಯೇ ಎಂಬ ವಾದ ಹೈಕೋರ್ಟುಗಳ ಮುಂದೆ ಬಂದಿದೆ. ಗಡುವು ದಾಟಿದ ಮೇಲೂ ವಿಸ್ತರಣೆ ಕೇಳಬಹುದು ಎಂದು 2024ರ ಸೆಪ್ಟೆಂಬರಿನಲ್ಲಿ ರೋಹನ್ ಬಿಲ್ಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಒಂದು ಸಮಾಧಾನ. ಆದರೆ ಕೇಳಲು ಮತ್ತೆ ವಕೀಲರು, ಮತ್ತೆ ವಕಾಲತ್ತು. ವೇಗಕ್ಕೆಂದು ಮಾಡಿದ ನಿಯಮ ಇಲ್ಲಿ ಇನ್ನೊಂದು ಅರ್ಜಿಯನ್ನು ಹುಟ್ಟಿಸಿದೆ.

ಸಹಿ ಹಾಕಿಯೂ ಒಪ್ಪದವರು ಇನ್ನೊಂದು ಗುಂಪು. ತೆರಕಣಾಂಬಿಯಿಂದ ಕೇರಳಕ್ಕೆ ತರಕಾರಿ ಹೊರುವ ಗೂಡ್ಸ್ ಆಟೋ, ಪಿಕಪ್ ಗಾಡಿಗಳು ಬಹುಪಾಲು ಫೈನಾನ್ಸ್ ಸಾಲದ್ದು. ಮೂವತ್ತು ಪುಟದ ಇಂಗ್ಲಿಷ್ ಕರಾರಿನ ಒಳಗೆಲ್ಲೋ ವ್ಯಾಜ್ಯವನ್ನು ಕಂಪನಿ ನೇಮಿಸುವ ಆರ್ಬಿಟ್ರೇಟರು ಚೆನ್ನೈಯಲ್ಲೋ ಮುಂಬೈಯಲ್ಲೋ ತೀರ್ಮಾನಿಸುತ್ತಾರೆ ಎಂಬ ಸಾಲಿರುತ್ತದೆ. ಎರಡು ಕಂತು ತಪ್ಪಿದರೆ ದೂರದ ಊರಿನಿಂದ ನೋಟಿಸು. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುವ ಮುಂಚೆ ಕಾಡು ದಾಟಬೇಕೆಂಬ ಧಾವಂತದಲ್ಲಿರುವ ಡ್ರೈವರು ಚೆನ್ನೈಗೆ ಯಾವಾಗ ಹೋದಾನು? ಏಕಪಕ್ಷೀಯ ತೀರ್ಪು ಬರುತ್ತದೆ. ಈ ಗುಂಪಿಗೆ ಮಾತ್ರ ಸುಧಾರಣೆ ನಿಜಕ್ಕೂ ಮುಟ್ಟಿದೆ. ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು 2019ರ ನವೆಂಬರಿನಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳಿತು. 2024ರ ನವೆಂಬರ್ 8ರಂದು ರೈಲ್ವೆ ವಿದ್ಯುದೀಕರಣ ಸಂಸ್ಥೆಯ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ಗಟ್ಟಿ ಮಾಡಿತು. ಫೈನಾನ್ಸಿನವರು ಕೂರಿಸಿದ ಪಂಚಾಯ್ತಿದಾರನ ತೀರ್ಪು ಹಿಡಿದು ಗಾಡಿ ಜಪ್ತಿಗೆ ಬಂದರೆ ಈಗ ಎದುರು ನಿಂತು ಕೇಳಬಹುದು. ಹಾಗೆಂದು ಆಟ ಮುಗಿದಿಲ್ಲ. ಹೊಸ ಕರಾರುಗಳಲ್ಲಿ ಆನ್‌ಲೈನ್ ಸಂಸ್ಥೆಯೊಂದರ ಹೆಸರಿರುತ್ತದೆ, ನೇಮಕ ಆ ಸಂಸ್ಥೆಯದು, ನೋಟಿಸು ವಾಟ್ಸಾಪಿಗೆ, ವಿಚಾರಣೆ ವಿಡಿಯೋದಲ್ಲಿ. ಚೆನ್ನೈಗೆ ಹೋಗುವುದು ತಪ್ಪಿತು, ಸರಿ. ಆ ಸಂಸ್ಥೆಯನ್ನು ಆರಿಸಿದವರು ಯಾರು ಎಂದು ಕೇಳಿದರೆ ಮತ್ತೆ ಅದೇ ಕರಾರಿನ ಪುಟಕ್ಕೆ ಬಂದು ನಿಲ್ಲುತ್ತೇವೆ.

ಸ್ಟಾಂಪು ಸಾಲದ ಕರಾರಿನ ಮೇಲೆ ಆರ್ಬಿಟ್ರೇಷನ್ ನಡೆಯಬಹುದೇ ಎಂಬ ಛಾಪಾ ಕಾಗದದ ಗಲಾಟೆ ಇನ್ನೊಂದು, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಚಾಮರಾಜನಗರದ ಕರಿಕಲ್ಲಿನ ಕ್ವಾರಿಯಂಥ ವ್ಯವಹಾರಗಳ ಪಾಲುದಾರಿಕೆ ಪತ್ರಗಳಲ್ಲಿ ಆರ್ಬಿಟ್ರೇಷನ್ ಷರತ್ತು ಸಾಮಾನ್ಯ, ಸ್ಟಾಂಪು ಕಡಿಮೆ ಹಾಕುವುದೂ ಅಷ್ಟೇ ಸಾಮಾನ್ಯ. ಬೆಂಗಳೂರಿನ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್ ಛತ್ರದ ಗುತ್ತಿಗೆ ಪತ್ರದಲ್ಲಿ ಮುದ್ರಾಂಕ ಕಡಿಮೆ ಇದ್ದದ್ದಕ್ಕೆ 2020ರಲ್ಲಿ ಆರ್ಬಿಟ್ರೇಟರ ನೇಮಕವೇ ಬಿದ್ದುಹೋಗಿತ್ತು. ಅದೇ ಪ್ರಕರಣದ ಕ್ಯುರೇಟಿವ್ ಅರ್ಜಿಯಿಂದ ಹೊರಟ ಪ್ರಶ್ನೆಗೆ ಏಳು ನ್ಯಾಯಮೂರ್ತಿಗಳು 2023ರ ಡಿಸೆಂಬರ್ 13ರಂದು ಉತ್ತರ ಕೊಟ್ಟರು: ಸ್ಟಾಂಪು ಕಡಿಮೆಯಾದರೆ ಅದು ಸರಿಪಡಿಸಬಹುದಾದ ಕೊರತೆ, ಕರಾರು ಸತ್ತಂತಲ್ಲ, ಆರ್ಬಿಟ್ರೇಟರೇ ಅದನ್ನು ನೋಡಿಕೊಳ್ಳಲಿ. ಒಂದು ಛತ್ರದ ಕಾಗದ ದೇಶದ ಕಾನೂನು ತಿದ್ದಿತು.

ದೆಹಲಿಯಲ್ಲಿ ಮುಂದಿನ ಸುತ್ತು ಶುರುವಾಗಿದೆ. 2024ರ ಅಕ್ಟೋಬರಿನಲ್ಲಿ ಕಾನೂನು ಸಚಿವಾಲಯ ಹೊರಡಿಸಿದ ಕರಡು ತಿದ್ದುಪಡಿ ತುರ್ತು ಆರ್ಬಿಟ್ರೇಟರು, ಮೇಲ್ಮನವಿ ಆರ್ಬಿಟ್ರಲ್ ಟ್ರಿಬ್ಯೂನಲ್ ಮುಂತಾದವನ್ನು ಮುಂದಿಟ್ಟಿತು. ಅದೇ ವರ್ಷದ ಜೂನ್ 3ರ ಹಣಕಾಸು ಸಚಿವಾಲಯದ ಸುತ್ತೋಲೆ ಇನ್ನೂ ಸ್ವಾರಸ್ಯದ್ದು. ಸರ್ಕಾರಿ ಖರೀದಿ ಕರಾರುಗಳಲ್ಲಿ ಆರ್ಬಿಟ್ರೇಷನ್ ಷರತ್ತನ್ನು ರೂಢಿಗೆಂದು ಸೇರಿಸಬೇಡಿ, ಹತ್ತು ಕೋಟಿಗಿಂತ ಕಡಿಮೆಯ ವ್ಯಾಜ್ಯಗಳಿಗೆ ಮೀಸಲಿಡಿ ಎಂದಿತು. ತಾನು ಆರ್ಬಿಟ್ರೇಷನ್‌ನಲ್ಲಿ ಸೋತು ಸೋತು ಬೇಸತ್ತ ಸರ್ಕಾರ ದೊಡ್ಡ ವ್ಯಾಜ್ಯಗಳಲ್ಲಿ ಕೋರ್ಟೇ ವಾಸಿ ಎನ್ನುತ್ತಿದೆ. ಹೆದ್ದಾರಿಗೆ ಹೊಲ ಬಿಟ್ಟ ರೈತ ಕೇಳುವುದೂ ಅದನ್ನೇ, ನಮ್ಮ ದರವನ್ನೂ ಕೋರ್ಟೇ ನೋಡಲಿ ಎಂದು. ಸರ್ಕಾರಕ್ಕೆ ಒಂದು ಸುತ್ತೋಲೆ ಸಾಕಾಯಿತು, ಇವನಿಗೆ ಸಂಸತ್ತೇ ಕಾಯ್ದೆ ತಿದ್ದಬೇಕು. 2023ರ ಮೀಡಿಯೇಷನ್ ಕಾಯ್ದೆಯಲ್ಲಿ ಊರಿನ ನೆಮ್ಮದಿ ಕೆಡಿಸುವಂಥ ಜಗಳಗಳಿಗೆ ಮೂವರ ಸಮುದಾಯ ಸಂಧಾನದ ಅವಕಾಶವಿದೆ, ಅರಳಿಕಟ್ಟೆ ಕಾನೂನಿನ ಪುಸ್ತಕ ಸೇರಿದ ಹಾಗೆ. ಆದರೆ ಅಲ್ಲಿ ಇಬ್ಬರೂ ಒಪ್ಪಬೇಕು, ಹೆದ್ದಾರಿ ಪ್ರಾಧಿಕಾರ ಕಟ್ಟೆಗೆ ಬಂದು ಕೂರುವ ಪೈಕಿಯಲ್ಲ.

ಹದಿನೆಂಟು ಗುಂಟೆಯ ಯಜಮಾನರಿಗೆ ವಕೀಲರು ಹೇಳುವ ಮೊದಲ ಮಾತು ಇದ್ಯಾವುದೂ ಅಲ್ಲ. 34ನೇ ಕಲಮಿನ ಅರ್ಜಿ ಹಾಕಲು ಆರ್ಬಿಟ್ರೇಟರು ಸಹಿ ಮಾಡಿದ ತೀರ್ಪಿನ ಪ್ರತಿ ಕೈಗೆ ಬಂದ ದಿನದಿಂದ ಮೂರು ತಿಂಗಳು, ಕಾರಣ ತೋರಿಸಿದರೆ ಇನ್ನು ಮೂವತ್ತು ದಿನ. ಒಂದು ದಿನ ದಾಟಿದರೂ ಕೋರ್ಟು ಕ್ಷಮಿಸುವುದಿಲ್ಲ. ತೀರ್ಪು ಯಾವತ್ತು ಬರೆದರು ಎಂಬುದಕ್ಕಿಂತ ಯಾವತ್ತು ಮುಟ್ಟಿತು ಎಂಬುದು ಮುಖ್ಯ. ಅದಕ್ಕೇ ‘ಕವರು ಎಲ್ಲಿ ಯಜಮಾನ್ರೇ, ಅಂಚೆ ಮುದ್ರೆ ಇರೋ ಕವರು?’ ಎಂದು ಕೇಳುತ್ತಾರೆ. ಕಾಗದ ಪಹಣಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿರುತ್ತದೆ. ಕವರನ್ನು ಮೊಮ್ಮಗ ಹರಿದು ಹಿಂಬದಿಯಲ್ಲಿ ಚದರ ಮೀಟರು, ಗುಂಟೆಯ ಲೆಕ್ಕ ಹಾಕಿರುತ್ತಾನೆ.